ಮಗಳು ಜಿಸಿಎಸ್‌ಇಗೆ ಮ್ಯೂಸಿಕ್ ತಗೋತೀನಿ ಅಂತಾಳೆ, ಕರ್ನಾಟಕ ಸಂಗೀತ ಕಲಿತ ಮಕ್ಕಳು ಯಾರಾದ್ರೂ ತಗೊಂಡಿದ್ದಾರಾ?

ತುಂಗೆ_ದಡದವಳು

ಎಲ್ರಿಗೂ ನಮಸ್ಕಾರ. ನಾವು ಶಿವಮೊಗ್ಗದೋರು, ಇಂಗ್ಲೆಂಡ್‌ಗೆ ಬಂದು ಆರು ವರ್ಷ ಆಯ್ತು, ಈಗ ರೀಡಿಂಗ್‌ನಲ್ಲಿದ್ದೀವಿ. ಮಗಳು ಇಯರ್ 9. ಮುಂದಿನ ಶುಕ್ರವಾರದೊಳಗೆ ಜಿಸಿಎಸ್‌ಇ (ಇಲ್ಲಿ ಇಯರ್ 11ರ ಕೊನೇಲಿ ಬರೆಯೋ ಬೋರ್ಡ್ ಪರೀಕ್ಷೆ) ಆಪ್ಷನ್ಸ್ ಫಾರ್ಮ್ ತುಂಬಿ ಕೊಡ್ಬೇಕು, ಯಾವ್ಯಾವ ಸಬ್ಜೆಕ್ಟ್ ಅಂತ. ಇಂಗ್ಲಿಷು ಮ್ಯಾಥ್ಸು ಸೈನ್ಸು ಹೇಗೂ ಎಲ್ರಿಗೂ ಇದ್ದಿದ್ದೇ, ಮಿಕ್ಕಿದ್ರಲ್ಲಿ ಹಿಸ್ಟರಿ, ಜಾಗ್ರಫಿ ಬರ್ದಾಯ್ತು, ಉಳಿದಿರೋ ಒಂದೇ ಒಂದು ಜಾಗಕ್ಕೆ ಎರಡು ವಾರದಿಂದ ಮನೇಲಿ ಜಟಾಪಟಿ. ಅವಳು ಮ್ಯೂಸಿಕ್ ಅಂತಾಳೆ, ನಮ್ಮನೆಯವ್ರು ಕಂಪ್ಯೂಟರ್ ಸೈನ್ಸ್ ಅಂತಾರೆ, ನಾನು ಮಧ್ಯದಲ್ಲಿ ಕೂತು ಇಬ್ರಿಗೂ ಕಾಫಿ ಮಾಡ್ಕೊಡ್ತಿದ್ದೀನಿ.

ಏಳು ವರ್ಷದಿಂದ ಕರ್ನಾಟಕ ಸಂಗೀತ ಹಾಡ್ತಿದ್ದಾಳೆ, ಮೊದಲು ಊರಲ್ಲಿ, ಇಲ್ಲಿಗೆ ಬಂದ್ಮೇಲೆ ಅದೇ ಟೀಚರ್ ಹತ್ರ ಆನ್‌ಲೈನ್. ವರ್ಣಗಳಾಗಿ ಈಗ ಕೃತಿ ನಡೀತಿದೆ. ಪಿಯಾನೋ ಮುಟ್ಟಿಲ್ಲ, ಸ್ಟಾಫ್ ನೊಟೇಶನ್ ಓದಕ್ಕೆ ಬರಲ್ಲ. ಸಂಗೀತ ಪರೀಕ್ಷೆ ಅಂದ್ರೆ ನಂಗೆ ಗೊತ್ತಿರೋದು ನಮ್ಮೂರಿನ ಜೂನಿಯರ್ ಪರೀಕ್ಷೆ ಅಷ್ಟೇ, ಸರಳೆ ಜಂಟಿ ಅಲಂಕಾರ ಗೀತೆ ಹಾಡಿಸ್ತಾರೆ, ಶಾಸ್ತ್ರದ ಪೇಪರಲ್ಲಿ ರಾಗಲಕ್ಷಣ, ತಾಳದ ಅಂಗಗಳು, ಪುರಂದರದಾಸರ ಬಗ್ಗೆ ಒಂದು ಪುಟ, ಬಾಯಿಪಾಠ ಮಾಡಿದ್ರೆ ಪಾಸು. ಇಲ್ಲೂ ಹಂಗೇ ಇರುತ್ತೆ ಅಂದ್ಕೊಂಡು ಆಪ್ಷನ್ಸ್ ಈವ್ನಿಂಗ್‌ಗೆ ಹೋದ್ರೆ ಮ್ಯೂಸಿಕ್ ಟೀಚರ್ ಕಾಂಪೊಸಿಷನ್ನು, ಕಾರ್ಡ್ಸು, ಅಪ್ರೈಸಿಂಗು ಅಂತ ಏನೇನೋ ಹೇಳಿದ್ರು, ತಲೆ ಆಡಿಸ್ಕೊಂಡು ಬಂದೆ. ಇವಳು ಎರಡು ಹಾಡಿನ ಸಾಲು ಹಾಡಿ ತೋರಿಸಿದ್ದಕ್ಕೆ ಆಯಮ್ಮ ಮಾತ್ರ ಖುಷಿ ಆಗ್ಬಿಟ್ರು.

ನನ್ನ ಪ್ರಶ್ನೆ: ಪರ್ಫಾರ್ಮೆನ್ಸ್‌ಗೆ ನಮ್ಮ ಸಂಗೀತನೇ ಹಾಡ್ಬಹುದಾ? ಪಿಯಾನೋ ಕಲೀಲೇಬೇಕಾ? ಹದಿನಾಲ್ಕು ವರ್ಷದ ಹುಡುಗಿ ಸ್ವಂತ ಸಂಗೀತ ರಚನೆ ಮಾಡೋದು ಅಂದ್ರೆ ಏನ್ರಪ್ಪಾ, ನಮ್ಮಲ್ಲಿ ವಿದ್ವಾಂಸರೇ ಅದಕ್ಕೆ ಹಿಂದೆಮುಂದೆ ನೋಡ್ತಾರೆ. ಮತ್ತೆ ನಮ್ಮನೆಯವ್ರ ಪ್ರಶ್ನೆ, ನಾಳೆ ಮೆಡಿಸಿನ್ನೋ ಎಂಜಿನಿಯರಿಂಗೋ ಅಂದ್ರೆ ಇದು ಅಡ್ಡ ಬರುತ್ತಾ?

ಚಾಪು_ತಾಳ

ಮೇಡಂ, ನಮ್ಮ ಮಗ ಮೃದಂಗ ಇಟ್ಕೊಂಡು ಮುಗಿಸ್ದ, ಹೋದ ವರ್ಷ ರಿಸಲ್ಟ್ ಬಂತು, ಗ್ರೇಡ್ 7 ಬಂದಿದೆ (9 ಅಂದ್ರೆ ಎಲ್ಲಕ್ಕಿಂತ ಮೇಲಿಂದು). ಹಾಡ್ಬಹುದಾ ಅನ್ನೋ ಪ್ರಶ್ನೆಗೆ ಧಾರಾಳವಾಗಿ ಅಂತಾನೇ ಉತ್ತರ. ಯಾವ ವಾದ್ಯ, ಯಾವ ಶೈಲಿ ಆದ್ರೂ ಆಗುತ್ತೆ. ಒಂದು ಸೋಲೋ, ಒಂದು ಎನ್ಸೆಂಬಲ್ (ಬೇರೆಯವ್ರ ಜೊತೆ ಸೇರಿ ಹಾಡೋದು, ನುಡಿಸೋದು) ಕೊಡ್ಬೇಕು, ಎರಡೂ ಸೇರಿ ಕನಿಷ್ಠ 4 ನಿಮಿಷ, ಅದ್ರಲ್ಲಿ ಎನ್ಸೆಂಬಲ್ ಕನಿಷ್ಠ 1 ನಿಮಿಷ. ನಾಲ್ಕು ನಿಮಿಷ ಅಂದ್ರೆ ನಮ್ಮ ಮಕ್ಕಳಿಗೆ ಒಂದು ವರ್ಣಕ್ಕೂ ಸಾಲಲ್ಲ ಬಿಡಿ.

ಆದ್ರೆ ಎನ್ಸೆಂಬಲ್ ವಿಷ್ಯದಲ್ಲಿ ಒಂದು ಗುಂಡಿ ಇದೆ, ನಾವು ಬಿದ್ದೆದ್ದಿದ್ದೀವಿ. ಪರೀಕ್ಷೆ ಕೊಡೋ ಮಗು ಏನು ಹಾಡುತ್ತೋ ನುಡಿಸುತ್ತೋ ಅದನ್ನೇ ಇನ್ನೊಬ್ರು ಜೊತೆಗೆ ನುಡಿಸ್ಬಾರ್ದು, ಇವರ ಪಾರ್ಟು ಬೇರೆಯಾಗಿ ಕೇಳ್ಬೇಕು. ನಮ್ಮ ಕಚೇರೀಲಿ ಪಿಟೀಲಿನೋರು ಏನ್ಮಾಡ್ತಾರೆ, ಹಾಡೋರ ನೆರಳ ಥರ ಹಿಂದೇನೇ ಬರ್ತಾರೆ, ಅದು ಚೆನ್ನಾಗಿ ಬಂದಷ್ಟೂ ಇಲ್ಲಿ ಡಬ್ಲಿಂಗ್ ಅನ್ನಿಸ್ಕೊಳ್ಳುತ್ತೆ! ನಮ್ಮ ಹುಡುಗನ ಜೊತೆ ಹಾಡಿದ ಹುಡುಗಿಗೂ ಅದೇ ಪರೀಕ್ಷೆ ಇತ್ತು, ಮೊದ್ಲು ವಯಲಿನ್ ಸೇರಿಸ್ಕೊಂಡು ಮೂರು ಜನ ರೆಕಾರ್ಡ್ ಮಾಡಿದ್ರು, ಟೀಚರ್ ಬೇಡ ಅಂದ್ರು, ಆಮೇಲೆ ಹಾಡು ಮತ್ತೆ ಮೃದಂಗ ಎರಡೇ ಇಟ್ಟು ಮತ್ತೆ ಮಾಡಿದ್ರು. ಹಾಡು ಮೃದಂಗ ಎರಡೂ ಬೇರೆ ಬೇರೆ ಪಾರ್ಟು, ಅದ್ರಲ್ಲಿ ತಕರಾರಿಲ್ಲ. ಹಂಗಾಗಿ ಹತ್ರದಲ್ಲಿ ಮೃದಂಗನೋ ತಬಲಾನೋ ನುಡಿಸೋ ಮಕ್ಕಳು ಯಾರಿದ್ದಾರೆ ನೋಡಿಟ್ಕೊಳ್ಳಿ.

ಎರಡ್ನೇದು ಸ್ಕೋರ್, ಅಂದ್ರೆ ನುಡಿಸೋದನ್ನ ಬರ್ದಿರೋ ನೊಟೇಶನ್, ತಂದ್ಕೊಡಿ ಅಂತಾರೆ. ಮೃದಂಗಕ್ಕೆ ಎಲ್ಲಿಂದ ತರೋದು? ನಾನೂ ಅವನೂ ಕೂತು ಸೊಲ್ಕಟ್ಟು (ತ ಕ ಧಿ ಮಿ ಥರದ ಬಾಯಿಮಾತಿನ ಪೆಟ್ಟುಗಳು) ಬರ್ದು, ಕೆಳಗೆ ತಾಳದ ಎಣಿಕೆ ಹಾಕಿ, ಇಲ್ಲಿ ಮೋಹ್ರಾ, ಇಲ್ಲಿ ಕೋರ್ವೆ (ಎರಡೂ ಮುಕ್ತಾಯದ ಲಯದ ಕಟ್ಟುಗಳು) ಅಂತ ಇಂಗ್ಲಿಷಲ್ಲಿ ವಿವರಣೆ ಬರ್ದು ಕೊಟ್ವಿ, ಟೀಚರ್ ಒಪ್ಕೊಂಡ್ರು. ನಿಮ್ಮ ಶಾಲೆಯ ಪರೀಕ್ಷಾ ಬೋರ್ಡ್ ಏನು ಕೇಳುತ್ತೆ ಅಂತ ಮೊದ್ಲೇ ವಿಚಾರಿಸಿ. ಆಮೇಲೆ ರೆಕಾರ್ಡಿಂಗ್ ದಿನ ತಂಬೂರಿ ಆ್ಯಪ್‌ನ ಮೈಕ್ ಪಕ್ಕ ಇಟ್ಬಿಟ್ಟು ಬರೀ ಝೇಂಕಾರ ಕೇಳ್ತಿತ್ತು, ಹಾಡು ಬಾವಿಯೊಳಗಿಂದ ಬಂದಂಗೆ. ಅದೂ ಮತ್ತೆ ಮಾಡ್ಬೇಕಾಯ್ತು.

ಫೇಡೆ_ಪ್ರಿಯೆ

ಅಕ್ಕಾರ, ನಾ ಸ್ವಲ್ಪ ಉಲ್ಟಾ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ನಾವು ಧಾರವಾಡದವರು, ನಮ್ಮ ಮಗಳು ಹಿಂದೂಸ್ತಾನಿ ಹಾಡ್ತಾಳ, ಧಾರವಾಡದಾಗ ಸಂಗೀತ ಅಂದ್ರ ಮನಿ ಮನಿಯೊಳಗ ಇರೂದು, ಹಿಂಗಾಗಿ ಇದೇನ್ ದೊಡ್ಡ ಮಾತು ಅಂತ ಹೇಳಿ ಕಣ್ಣ ಮುಚ್ಚಿ ಟಿಕ್ ಹಾಕಿದ್ವಿ. ಇಯರ್ 10 ಛಲೋನ ಹೋತು. ಇಯರ್ 11ಕ್ಕ ಕಾಂಪೊಸಿಷನ್ ಬಂದಾಗ ನೋಡ್ರಿ ಖರೇ ಬಣ್ಣ ಗೊತ್ತಾತು.

ಆಕಿ ಯಮನ್ ಒಳಗ ಭಾಳ ಚಂದ ಒಂದು ಸಾಲು ಕಟ್ಟಿದ್ಲು, ಕೇಳಿದ್ರ ಮೈ ಜುಮ್ ಅನ್ನೂ ಹಂಗ. ಶಾಲಿಯೊಳಗ ಅವರು ಏನಂದ್ರು, ಮೆಲೊಡಿ ಚಂದ ಅದ, ಆದ್ರ ಡೆವಲಪ್ಮೆಂಟ್ ಎಲ್ಲೆ, ಟೆಕ್ಸ್ಚರ್ (ದನಿಗಳು ಪದರು ಪದರಾಗಿ ಕೂಡೂದು) ಎಲ್ಲೆ, ಹಾರ್ಮನಿ ಎಲ್ಲೆ. ನಮ್ಮಲ್ಲೆ ಬಢತ್ ಅಂದ್ರ ಒಂದ ರಾಗದೊಳಗ ಒಳಗ ಒಳಗ ಹೋಗೂದು, ಅವರಿಗೆ ಡೆವಲಪ್ ಅಂದ್ರ ಹೊರಗ ಹೊರಗ ಬರೂದು. ಎರಡೂ ತಪ್ಪಲ್ರಿ, ಆದ್ರ ಹದಿನೈದು ವರ್ಷದ ಹುಡುಗಿಗೆ ಅದನ್ನ ಕೂಡಿಸಿ ಹೇಳವರು ಯಾರೂ ಇರಲಿಲ್ಲ. ಅವರ ಟೀಚರ್‌ಗೆ ರಾಗ ಗೊತ್ತಿಲ್ಲ, ನಮ್ಮ ಗುರುಗಳಿಗೆ ಕಾರ್ಡ್ ಗೊತ್ತಿಲ್ಲ, ನನಗ ಎರಡೂ ಗೊತ್ತಿಲ್ಲ. ಮೂರು ತಿಂಗಳು ಅತ್ತಾಳ. ಕಡೀಗೆ 5 ಬಂತು. 5 ಅಂದ್ರ ಕೆಟ್ಟ ಅಲ್ಲ ಬಿಡ್ರಿ, ಆದ್ರ ಉಳದದ್ದರಾಗೆಲ್ಲ 8, 9 ಇದ್ದು. ಎಲ್ಲಾಕ್ಕಿಂತ ಕೆಟ್ಟ ಅನಸಿದ್ದು ಏನಂದ್ರ ಅದಾದ ಮ್ಯಾಲೆ ನಾಕೈದು ತಿಂಗಳು ತಂಬೂರಿ ಮುಟ್ಟಲಿಲ್ಲ ಆಕಿ. ಈಗ ಮತ್ತ ಹಾಡ್ಲಿಕ್ಕೆ ಹತ್ಯಾಳ.

ಹಾಡೂದು ಬಂದ್ರ ಪರೀಕ್ಷಾ ಬರ್ತದ ಅನ್ನೂ ಭ್ರಮಿ ಮಾತ್ರ ಬ್ಯಾಡ್ರಿ. ಅಷ್ಟ ನಾ ಹೇಳೂದು.

ಶ್ರುತಿಪೆಟ್ಟಿಗೆ

ನಾನು ಇಲ್ಲಿ ಎರಡು ಶಾಲೆಗಳಲ್ಲಿ ಕೀಬೋರ್ಡ್ ಮತ್ತೆ ವಾಯ್ಸ್ ಹೇಳ್ಕೊಡ್ತೀನಿ, ಮನೇಲಿ ಕರ್ನಾಟಕ ಸಂಗೀತದ ಪಾಠ. ಎರಡೂ ಕಡೆ ಕಾಲಿಟ್ಕೊಂಡಿರೋದ್ರಿಂದ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರಾಗ್ಬೇಡಿ.

ಫೇಡೆಯವ್ರು ಹೇಳಿದ್ದು ನೂರಕ್ಕೆ ನೂರು ನಿಜ, ಆದ್ರೆ ಅದು ತಗೋಬೇಡಿ ಅನ್ನೋಕೆ ಕಾರಣ ಅಲ್ಲ, ಮೊದ್ಲೇ ತಯಾರಾಗಿ ಅನ್ನೋಕೆ ಕಾರಣ. ಲೆಕ್ಕ ನೋಡಿ. ಎಕ್ಯೂಎ, ಎಡೆಕ್ಸೆಲ್, ಒಸಿಆರ್, ಎಡ್ಯೂಕಾಸ್ ಯಾವ ಬೋರ್ಡ್ ಆದ್ರೂ ಪರ್ಫಾರ್ಮಿಂಗ್‌ಗೆ 30 ಪರ್ಸೆಂಟ್, ಕಾಂಪೋಸಿಂಗ್‌ಗೆ 30, ಕೇಳಿ ಬರೆಯೋ ಪರೀಕ್ಷೆಗೆ 40. ನಿಮ್ಮ ಮಗಳು ಏಳು ವರ್ಷ ಕಲಿತಿರೋದು ಮೊದಲನೇ 30ಕ್ಕೆ. ಉಳಿದ 70ರಲ್ಲಿ ಅವಳಿಗೆ ಕಿವಿ ಇದೆ, ಲಯ ಇದೆ, ಇವರ ಪದಗಳಿಲ್ಲ. ನಾನು ನೋಡಿರೋ ನಮ್ಮ ಮಕ್ಕಳೆಲ್ಲ ಎಡವೋದು ಇಲ್ಲೇ, ಹಾಡೋದ್ರಲ್ಲಿ ಯಾರೂ ಎಡವಿದ್ದು ನೋಡಿಲ್ಲ. ಎಡೆಕ್ಸೆಲ್‌ನಲ್ಲಂತೂ ವಾದ್ಯ, ಹಾಡಿನ ಗ್ರೇಡ್ ಪರೀಕ್ಷೆಗಳಿರುತ್ವಲ್ಲ (ಜಿಸಿಎಸ್‌ಇ ಗ್ರೇಡ್ ಅಲ್ಲ), ಅದ್ರ ಗ್ರೇಡ್ 4 ಮಟ್ಟದ ಪೀಸ್‌ನ ಸ್ಟಾಂಡರ್ಡ್ ಅಂತಾರೆ, ಅದಕ್ಕಿಂತ ಮೇಲಿಂದು ಕಷ್ಟದ್ದು ಅಂತ ಲೆಕ್ಕ. ಗಮಕ ಕೂರಿಸಿ ಒಂದು ಕೃತಿ ಹಾಡೋ ಹುಡುಗಿಗೆ ಅದು ತೊಂದ್ರೆ ಆಗಲ್ಲ, ಆ ಕೃತೀಲಿ ಕಷ್ಟ ಏನಿದೆ ಅಂತ ಟೀಚರ್‌ಗೆ ಅರ್ಥ ಮಾಡಿಸ್ಬೇಕು ಅಷ್ಟೇ. ಮಾರ್ಕ್ಸ್ ಮೊದ್ಲು ಕೊಡೋದು ಶಾಲೆ ಟೀಚರೇ, ಆಮೇಲೆ ಬೋರ್ಡ್‌ನೋರು ಸ್ಯಾಂಪಲ್ ತರಿಸ್ಕೊಂಡು ನೋಡ್ತಾರೆ.

ಪಿಯಾನಿಸ್ಟ್ ಆಗೋದು ಬೇಕಿಲ್ಲ. ಆದ್ರೆ ಮನೇಲಿ ಒಂದು ಕೀಬೋರ್ಡ್ ಇರ್ಲಿ. ಷಡ್ಜ ಇಲ್ಲಿ, ಪಂಚಮ ಇಲ್ಲಿ ಅಂತ ಬೆರಳಿಗೆ ಗೊತ್ತಾದ್ರೆ ಅರ್ಧ ಥಿಯರಿ ಆದಂಗೆ. ನಾನು ಮಕ್ಕಳಿಗೆ ಹೇಳ್ಕೊಡೋದು ಹೀಗೆ: ಶಂಕರಾಭರಣ ಹಾಡು, ಅದೇ ಮೇಜರ್ ಸ್ಕೇಲು. ಅದೇ ಸ್ವರಗಳನ್ನ ಇಟ್ಕೊಂಡು ಧೈವತನ ಷಡ್ಜ ಮಾಡ್ಕೋ, ನಠಭೈರವಿ ಬಂತಲ್ಲ, ಅದೇ ರಿಲೆಟಿವ್ ಮೈನರ್. ಕೀರವಾಣಿ ಅಂದ್ರೆ ಹಾರ್ಮೋನಿಕ್ ಮೈನರ್. ಮೋಹನ ಅಂದ್ರೆ ಪೆಂಟಟೋನಿಕ್. ಗ್ರಹಭೇದ (ಹೀಗೆ ಷಡ್ಜ ಬದಲಿಸೋದು) ಮಾಡಿದ ಮಗುಗೆ ಇದು ಹತ್ತು ನಿಮಿಷದ ಪಾಠ, ಇಲ್ಲಿನ ಮಕ್ಕಳು ಇದನ್ನ ಶಾರ್ಪು ಫ್ಲಾಟು ಎಣಿಸ್ಕೊಂಡು ವಾರಗಟ್ಟಲೆ ಕಲೀತಾರೆ. ತಾಳನೂ ಹಂಗೇ, ಮಿಶ್ರಚಾಪು ಹಾಕೋ ಹುಡುಗಿ ಏಳರ ಲೆಕ್ಕಕ್ಕೆ ಹೆದರ್ತಾಳಾ? ಲಯ ಕೇಳಿಸ್ಕೊಂಡು ಬರೆಯೋ ಡಿಕ್ಟೇಶನ್ ಇರುತ್ತೆ, ಅದು ನಮ್ಮ ಮಕ್ಕಳಿಗೆ ಸಿಕ್ಕಿದ ಬಿಟ್ಟಿ ಮಾರ್ಕ್ಸು.

ನಿಜವಾಗ್ಲೂ ಹೊಸದು ಅಂದ್ರೆ ಹಾರ್ಮನಿ. ನಮ್ಮದು ಒಂದೇ ಎಳೆ ಸಂಗೀತ, ಕೆಳಗೆ ಶ್ರುತಿ ನಿಂತಿರುತ್ತೆ, ಅದು ಅಲ್ಲಾಡಲ್ಲ. ಇವರದ್ರಲ್ಲಿ ಆ ಕೆಳಗಿನ ನೆಲನೇ ನಡೆಯುತ್ತೆ. ಅದನ್ನ ಪುಸ್ತಕದಿಂದ ಕಲಿಸೋಕಾಗಲ್ಲ. ಈಗಿಂದ್ಲೇ ದಿನಾ ಒಂದು ಹಾಡು ಹಾಕಿ, ಸಿನಿಮಾ ಹಾಡಾದ್ರೂ ಪರ್ವಾಗಿಲ್ಲ, ಮೇಲಿನ ರಾಗ ಹಾಡೋದು ಬಿಟ್ಟು ಬೇಸ್ ಗಿಟಾರ್ ಏನು ನುಡಿಸ್ತಿದೆ ಅದನ್ನ ಹಾಡು ಅನ್ನಿ. ಮೊದಲನೇ ವಾರ ಕೇಳ್ಸೋದೇ ಇಲ್ಲ ಅಂತಾಳೆ. ತಿಂಗಳಾದ್ಮೇಲೆ ಕೇಳಿಸಿದ್ದು ಬಿಡಲ್ಲ.

ಕಾಂಪೊಸಿಷನ್ ಎರಡು ಮಾಡ್ಬೇಕು, ಒಂದು ಅವಳಿಷ್ಟದ್ದು, ಇನ್ನೊಂದು ಬೋರ್ಡ್ ಕೊಡೋ ಬ್ರೀಫ್‌ಗೆ (ಇಂಥದ್ದು ಮಾಡಿ ಅನ್ನೋ ಸೂಚನೆ), ಅದು ಇಯರ್ 11ರ ಸೆಪ್ಟೆಂಬರ್‌ನಲ್ಲಿ ಬರುತ್ತೆ. ಎರಡೂ ಸೇರಿ ಕನಿಷ್ಠ 3 ನಿಮಿಷ. ಇಷ್ಟದ್ದಕ್ಕೆ ರಾಗ ಇಟ್ಕೊಳ್ಳಿ, ಆದ್ರೆ ಕೃತಿ ಥರ ಪಲ್ಲವಿ ಅನುಪಲ್ಲವಿ ಚರಣ ಬರ್ದು ಅಲ್ಲಿಗೇ ನಿಲ್ಲಿಸ್ಬೇಡಿ. ನನ್ನ ಶಿಷ್ಯೆ ಒಬ್ಳು ಮೋಹನದಲ್ಲಿ ಮಾಡಿದ್ದು ಹೇಳ್ತೀನಿ: ಮೊದ್ಲು ಬರೀ ಶ್ರುತಿ ಮತ್ತೆ ಕೊಳಲು, ಆಮೇಲೆ ಅದೇ ಸಾಲಿನ ಕೊನೇ ತುಣುಕು ಚೆಲ್ಲೋಗೆ ಕೊಟ್ಟು ತಿರುತಿರುಗಿ ಬರೋ ಹಾಗೆ ಮಾಡಿದ್ಲು, ಇವರು ಅದಕ್ಕೆ ಆಸ್ಟಿನಾಟೊ ಅಂತಾರೆ, ಅದರ ಮೇಲೆ ತಿಶ್ರ ನಡೇಲಿ ಸ್ವರ, ಕೊನೇಲಿ ಮೂರು ಸಲ ಬರೋ ಮುಕ್ತಾಯ, ಮುಕ್ತಾಯದ ಹೊತ್ತಿಗೆ ಎಲ್ಲ ವಾದ್ಯ ಒಟ್ಟಿಗೆ. ಅಲ್ಲಿಗೆ ಟೆಕ್ಸ್ಚರೂ ಆಯ್ತು, ಡೆವಲಪ್ಮೆಂಟೂ ಆಯ್ತು, ಮೋಹನ ಮೋಹನವಾಗೇ ಉಳೀತು. ಬರೆಯೋಕೆ ಮ್ಯೂಸ್‌ಸ್ಕೋರ್ ಅಂತ ಸಾಫ್ಟ್‌ವೇರ್ ಇದೆ, ಫ್ರೀ. ಒಂದು ಮಾತು, ಒಂದಷ್ಟು ಕೆಲಸ ಶಾಲೇಲೇ ಟೀಚರ್ ಕಣ್ಣೆದುರಿಗೆ ಆಗ್ಬೇಕು, ನೀವಾಗ್ಲಿ ಪಾಠದ ಟೀಚರ್ ಆಗ್ಲಿ ಕೈ ಹಾಕಿ ತಿದ್ದೋ ಹಾಗಿಲ್ಲ.

ಯಾವ ಬೋರ್ಡ್ ಅಂತ ಶಾಲೇಲಿ ಕೇಳಿದ್ರಾ? ಒಸಿಆರ್ ಆದ್ರೆ ಸಿಲಬಸ್‌ನಲ್ಲೇ ಭಾರತದ ಶಾಸ್ತ್ರೀಯ ಸಂಗೀತ, ಪಂಜಾಬಿನ ಭಾಂಗ್ರಾ ಇದೆ. ಅದು ಉತ್ತರದ ಕಡೇದು, ತಬಲಾ, ತೀನ್ ತಾಲ್, ಆಲಾಪ್ ಅಂತ, ಆದ್ರೂ ಅವಳಿಗೆ ಸಲೀಸು. ಎಡೆಕ್ಸೆಲ್ ಆದ್ರೆ ಎಂಟು ಸೆಟ್ ವರ್ಕ್ (ಓದೋಕೆ ಗೊತ್ತುಮಾಡಿದ ಪೀಸ್‌ಗಳು), ಬಾಕ್, ಬೀಥೋವನ್‌ನಿಂದ ಹಿಡ್ದು ಕ್ವೀನ್ ಬ್ಯಾಂಡ್, ಸ್ಟಾರ್ ವಾರ್ಸ್ ಸಂಗೀತದ ತನಕ, ಒಂದೊಂದನ್ನೂ ಬಿಡಿಸಿ ಬಿಡಿಸಿ ಓದ್ಬೇಕು.

ನಿಮ್ಮ ಯಜಮಾನ್ರಿಗೆ ಹೇಳಿ, ಮೆಡಿಸಿನ್‌ನೋರು ನೋಡೋದು ಇಂಗ್ಲಿಷು ಮ್ಯಾಥ್ಸು ಸೈನ್ಸಿನ ಗ್ರೇಡು, ಮಿಕ್ಕಿದ್ದ್ರಲ್ಲಿ ಒಳ್ಳೆ ಗ್ರೇಡ್ ಬಂದ್ರೆ ಸಾಕು, ಯಾವ ಸಬ್ಜೆಕ್ಟ್ ಅನ್ನೋದು ಅಷ್ಟು ಮುಖ್ಯ ಅಲ್ಲ. ಕಂಪ್ಯೂಟರ್ ಸೈನ್ಸ್ ಡಿಗ್ರಿಗೂ ಸಾಮಾನ್ಯವಾಗಿ ಮ್ಯಾಥ್ಸ್ ಎ ಲೆವೆಲ್ಲೇ (ಜಿಸಿಎಸ್‌ಇ ಆದ್ಮೇಲಿನ ಎರಡು ವರ್ಷದ್ದು, ನಮ್ಮ ಪಿಯುಸಿ ಥರ) ಕೇಳೋದು.

ಅರಮನೆ_ರಸ್ತೆ

ನಮ್ಮ ಮಕ್ಕಳಿಗೆ ಪಾಶ್ಚಾತ್ಯ ಸಂಗೀತ ಒಗ್ಗುತ್ತಾ ಅಂತ ಚರ್ಚೆ ನಡೀತಿರೋದ್ರಿಂದ ಮೈಸೂರಿನೋನಾಗಿ ಬಾಯಿ ಮುಚ್ಕೊಂಡಿರಕ್ಕೆ ಆಗ್ತಿಲ್ಲ. ನಮ್ಮ ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್‌ನ ಲೈಸೆನ್ಶಿಯೇಟ್ ತಗೊಂಡೋರು, ಪಿಯಾನೋ. ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲನೇ ಅಧ್ಯಕ್ಷರು ಯಾರು ಅಂದ್ಕೊಂಡ್ರಿ? ಅವರೇ. ಮೆಟ್ನರ್ ಅಂತ ರಷ್ಯಾದ ಕಾಂಪೋಸರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಮಾಡಿಸೋಕೆ ದುಡ್ಡು ಕೊಟ್ಟಿದ್ದೂ ಮೈಸೂರು. ಆ ಹುಡುಗಿಗೆ ಇದನ್ನ ಹೇಳಿ, ಟೀಚರ್ ಹತ್ರ ಗತ್ತಾಗಿ ಹೇಳ್ಕೊಳ್ಳಲಿ.

ಜಿಸಿಎಸ್‌ಇ ಬಗ್ಗೆ ನಂಗೇನೂ ಗೊತ್ತಿಲ್ಲ, ನಮ್ಮ ಮೊಮ್ಮಗ ಇನ್ನೂ ಇಯರ್ 2.

ಚಾಪು_ತಾಳ

@ಅರಮನೆ_ರಸ್ತೆ ಸರ್ ಮಹಾರಾಜರಿಗೆ ಆಪ್ಷನ್ಸ್ ಫಾರ್ಮ್ ತುಂಬೋ ಕಷ್ಟ ಇರ್ಲಿಲ್ಲ ಬಿಡಿ 😀

ಇಯರ್13_ಗೋಳು

ಹಾಯ್ ಆಂಟಿ, ನನ್ನ ಕನ್ನಡ ಟೈಪಿಂಗ್ ಸ್ವಲ್ಪ ತಪ್ಪಿದ್ರೆ ಕ್ಷಮಿಸಿ, ಅಮ್ಮ ಈ ಥ್ರೆಡ್ ಕಳ್ಸಿದ್ರು. ನಾನು ವೀಣೆ ಇಟ್ಕೊಂಡು ಎಡೆಕ್ಸೆಲ್ ಮ್ಯೂಸಿಕ್ ಮಾಡಿದೆ, 8 ಬಂತು, ಈಗ ಎ ಲೆವೆಲ್‌ನಲ್ಲಿ ಮ್ಯೂಸಿಕ್ ಇಲ್ಲ, ಯಾಕಂದ್ರೆ ನಮ್ಮ ಸಿಕ್ಸ್ತ್ ಫಾರ್ಮ್‌ನಲ್ಲಿ (ಎ ಲೆವೆಲ್ ಓದೋ ಕಡೆ) ನಡೆಸೋದೇ ಇಲ್ಲ, ಇಬ್ರೇ ಕೇಳಿದ್ದು. ಜಿಸಿಎಸ್‌ಇನಲ್ಲೂ ನಾವು ಒಂಬತ್ತೇ ಜನ. ಅದೊಂಥರ ಒಳ್ಳೇದೇ ಆಯ್ತು, ಟೀಚರ್ ಒಬ್ಬೊಬ್ರ ಹತ್ರನೂ ಕೂರ್ತಿದ್ರು.

ಲಿಸನಿಂಗ್ ಪೇಪರ್ ಬಗ್ಗೆ ಯಾರೂ ಜಾಸ್ತಿ ಹೇಳಿಲ್ಲ ಅದಕ್ಕೆ ಹೇಳ್ತೀನಿ. ನಮ್ಮದು 1 ಗಂಟೆ 45 ನಿಮಿಷ, 80 ಮಾರ್ಕ್ಸು. ಮ್ಯೂಸಿಕ್ ಪ್ಲೇ ಆಗುತ್ತೆ, ಬರೀತಾ ಹೋಗ್ಬೇಕು, ಪಾಸ್ ಬಟನ್ ನಮ್ಮ ಕೈಲಿಲ್ಲ. ಕೊನೇಲಿ 12 ಮಾರ್ಕ್ಸಿಂದು ಒಂದು ಉದ್ದ ಉತ್ತರ, ಸೆಟ್ ವರ್ಕ್ ಒಂದನ್ನ ಕೇಳಿರದ ಇನ್ನೊಂದು ಪೀಸ್ ಜೊತೆ ಕಂಪೇರ್ ಮಾಡೋದು. ನಂಗೆ ಮೊದಮೊದ್ಲು ಎಲ್ಲಿ ಮಾರ್ಕ್ಸ್ ಹೋಗ್ತಿತ್ತು ಅಂದ್ರೆ ಕೇಳಿಸ್ತಿತ್ತು, ಹೆಸರು ಬರ್ತಿರ್ಲಿಲ್ಲ. ಮೆಲೊಡಿ ಮೇಲೆ ಹೋಗಿ ಸುತ್ತಿ ಬರುತ್ತೆ ಅಂತ ಬರೀತಿದ್ದೆ, ಅವ್ರಿಗೆ ಬೇಕಾಗಿರೋದು ಕಂಜಂಕ್ಟ್, ಸೀಕ್ವೆನ್ಸ್, ಪರ್ಫೆಕ್ಟ್ ಕೇಡೆನ್ಸ್ ಅನ್ನೋ ಪದ. ಒಂದು ನೋಟ್‌ಬುಕ್ ಮಾಡ್ಕೊಂಡೆ, ಎಡಗಡೆ ನಮ್ಮ ಪದ, ಬಲಗಡೆ ಅವ್ರ ಪದ. ಜಂಟಿ, ದಾಟು, ಕಂಪಿತ, ಜಾರು ಎಲ್ಲಕ್ಕೂ ಹತ್ರಹತ್ರದ್ದು ಏನೋ ಒಂದು ಸಿಗುತ್ತೆ, ಸರಿಯಾಗಿ ಕೂರಲ್ಲ. ಮಾಡ್ಯುಲೇಶನ್‌ಗೆ ಮಾತ್ರ ಏನೂ ಸಿಗ್ಲಿಲ್ಲ, ಷಡ್ಜ ಮನೆ ಖಾಲಿ ಮಾಡಿ ಪಕ್ಕದ ಬೀದಿಗೆ ಹೋಗೋದು ಅಂತ ಬರ್ಕೊಂಡಿದ್ದೆ.

ಆಮೇಲೆ ಆಂಟಿ, ಅವಳಿಗೇ ಕೇಳಿ, ಮ್ಯೂಸಿಕ್ ಇಷ್ಟನಾ ಅಂತಲ್ಲ, ಬೀಥೋವನ್ ಪಿಯಾನೋ ಪೀಸ್ ನಲವತ್ತು ಸಲ ಕೇಳೋದಕ್ಕೆ ರೆಡಿನಾ ಅಂತ.

ತುಂಗೆ_ದಡದವಳು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಜನ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಶಾಲೆಗೆ ಮೇಲ್ ಹಾಕಿ ಕೇಳ್ದೆ, ಎಡೆಕ್ಸೆಲ್ ಅಂತೆ. ಫೇಡೆಯವ್ರ ಮಾತು ಓದಿ ನಾನೇ ಸ್ವಲ್ಪ ಹಿಂದೆ ಸರಿದಿದ್ದೆ, ಅದನ್ನೂ ಮಗಳಿಗೆ ಓದಿ ಹೇಳ್ದೆ, ಮುಚ್ಚಿಡ್ಲಿಲ್ಲ. ಅವಳು ಏನೂ ಮಾತಾಡ್ದೆ ಎದ್ದೋದ್ಲು. ರಾತ್ರಿ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಏನೋ ಗೊಣಗ್ತಿದ್ಲು, ಏನೇ ಅದು ಅಂದ್ರೆ ಬೇಸ್ ಹುಡುಕ್ತಿದ್ದೀನಿ ಅಂದ್ಲು.

ಶುಕ್ರವಾರ ಫಾರ್ಮ್ ಕೊಟ್ವಿ, ಮ್ಯೂಸಿಕ್ಕೇ. ಕಂಪ್ಯೂಟರ್ ಸೈನ್ಸ್‌ನೂ ಬಿಡ್ಲಿಲ್ಲ, ಜಾಗ್ರಫಿನ ಹೊಡೆದು ಹಾಕಿ ಅಲ್ಲಿ ಬರ್ದ್ಲು, ಅಪ್ಪ ಮಗಳು ಇಬ್ರೇ ಕೂತು ಮಾಡ್ಕೊಂಡ ಒಪ್ಪಂದ, ನನ್ನ ಕೇಳ್ಲೂ ಇಲ್ಲ.

ರೀಡಿಂಗ್, ವೋಕಿಂಗ್‌ಹ್ಯಾಮ್ ಕಡೆ ಮೃದಂಗ ನುಡಿಸೋ ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಇದ್ರೆ ಮೆಸೇಜ್ ಮಾಡಿ. ಹಳೇ ಕೀಬೋರ್ಡ್ ಮಾರೋರಿದ್ರೂ ಹೇಳಿ, ಸ್ಟ್ಯಾಂಡ್ ಇಲ್ದಿದ್ರೂ ನಡೆಯುತ್ತೆ.